ವಾಪಸ್ ಕಳಿಸುವ ಮೇಜು

ಮಗು ಬಾಟಲಿ ಮುಟ್ಟದೆ ಸಂಜೆಯವರೆಗೂ ಅಳಬಹುದು. ಅಳು ಕೇಳಿ ಕೇಳಿ ಅತ್ತೆಯ ಬಿಪಿ ಏರಬಹುದು. ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಲಾಗದೆ ನಾಲ್ಕು ಗಾಡಿ ಬಿಡಬೇಕಾಗಬಹುದು. ಹತ್ತಿದರೂ ಠಾಣೆಯಲ್ಲಿ ಇಳಿಯಲಾಗದೆ ಘಾಟ್‌ಕೋಪರ್ ತಲುಪಬಹುದು. ನೂಕುನುಗ್ಗಲಲ್ಲಿ ಎದೆಹಾಲು ಇಳಿದು ಕುರ್ತಾ ಒದ್ದೆಯಾಗಬಹುದು. ಆರು ತಿಂಗಳಲ್ಲಿ ಕೈಯ ರೂಢಿ ತಪ್ಪಿ ಸ್ಲೈಡ್ ಒಡೆಯಬಹುದು. ಬಿಳಿ ರಕ್ತಕಣ ಎಣಿಸುತ್ತಾ ಕೂತಲ್ಲೇ ತೂಕಡಿಸಬಹುದು. ನಲವತ್ತಮೂರಕ್ಕೆ ಹೆತ್ತವಳು ಎಂದು ಲ್ಯಾಬಿನ ಹುಡುಗಿಯರು ಬೆನ್ನ ಹಿಂದೆ ನಗಬಹುದು. ನನ್ನ ಮೈಕ್ರೋಸ್ಕೋಪಿನ ಮುಂದೆ ಬೇರೆ ಯಾರೋ ಕೂತಿರಬಹುದು. ಅಥವಾ ಯಾರೂ ಕೂತಿರದೇ ಇರಬಹುದು, ಅದು ಇನ್ನೂ ಕೆಟ್ಟದ್ದು.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ಹಿಂದಿನ ಸಂಜೆ ಈ ಪಟ್ಟಿಯನ್ನು ನಾನು ಕಾಗದದ ಮೇಲೆ ಬರೆದೇ ಇಟ್ಟಿದ್ದೆ. ನಮ್ಮ ಯಜಮಾನರು ಓದಿ ನೋಡಿ, "ಭೂಕಂಪ ಬಿಟ್ಟುಹೋಗಿದೆ" ಎಂದರು. ಪೆನ್ನು ತೆಗೆದು ಅದನ್ನೂ ಸೇರಿಸಿದೆ.

ಠಾಣೆಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಟೆಕ್ನಿಶಿಯನ್ ಆಗಿದ್ದೆ. ಐವತ್ತು ದಾಟುತ್ತಲೇ ಕಣ್ಣು ಸಾಕು ಎಂದಿತು, ನಿವೃತ್ತಿ ತೆಗೆದುಕೊಂಡೆ. ಈಗ ಲ್ಯಾಬಿಗೆ ಸೇರುವ ಹುಡುಗಿಯರು ಕೆಲವರು ಮನೆಗೆ ಬರುತ್ತಾರೆ, ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಹೇಳಿದರೆ ಅವರಿಗೂ ಆಕಳಿಕೆ, ನನಗೂ ಆಕಳಿಕೆ. ಅದರ ಬದಲು ಆ ರಜೆಯಿಂದ ಮರಳಿದ ಮೇಲಿನ ಮೂರು ತಿಂಗಳ ಕತೆ ಹೇಳುತ್ತೇನೆ. ಯಾಕೆಂದರೆ ಅವರಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ರಜೆ ಮುಗಿಸಿ ಬರುವವರೇ. ಬಂದಾಗ ಕುರ್ಚಿ ಹಾಕಿದ್ದಲ್ಲೇ ಇರುತ್ತದೆ ಎಂದು ನಂಬಿಕೊಂಡು ಬಾರದಿರಲಿ.

ಕಾನೂನು ಮೂರು ತಿಂಗಳ ಹೆರಿಗೆ ರಜೆಯನ್ನು ಆರು ತಿಂಗಳು ಮಾಡಿದ ಹೊಸತು. ಲ್ಯಾಬಿನ ಒಡತಿಯಾದ ಡಾಕ್ಟರನ್ನು ನಾವು ದೊಡ್ಡ ಮೇಡಂ ಎನ್ನುತ್ತಿದ್ದೆವು. ನನ್ನ ಅರ್ಜಿ ನೋಡಿ ಅವರು, ಆರು ತಿಂಗಳೆಂದರೆ ಲ್ಯಾಬಿಗೇ ಹಲ್ಲು ಬರುತ್ತದೆ ಎಂದಿದ್ದರು. ಬಂದಿತ್ತು. ನಾನು ಮರಳುವ ಹೊತ್ತಿಗೆ ರಕ್ತ ಪರೀಕ್ಷಿಸುವ, ಮದುವೆ ಮಂಟಪದಷ್ಟು ಅಗಲದ ಒಂದು ಯಂತ್ರ ನನ್ನ ಮೇಜಿನ ಜಾಗದಲ್ಲಿ ಕೂತು, ನಾನು ಒಂದು ಸ್ಲೈಡ್ ನೋಡುವಷ್ಟರಲ್ಲಿ ಇಡೀ ಟ್ರೇ ಮುಗಿಸುತ್ತಿತ್ತು. ಮೈಕ್ರೋಸ್ಕೋಪ್ ಪ್ಲಾಸ್ಟಿಕ್ ಹೊದ್ದು ಮೂಲೆಯಲ್ಲಿತ್ತು. ಜೊತೆಗೆ ಸಾವಂತ್ ಎಂಬ ಹೊಸ ಮ್ಯಾನೇಜರೂ ಬಂದಿದ್ದರು. ಮೊದಲು ಕೊರಿಯರ್ ಕಂಪನಿಯಲ್ಲಿದ್ದವರು. ರಕ್ತವೂ ಅವರ ಕಣ್ಣಿಗೆ ಒಂದು ಪಾರ್ಸೆಲ್ಲೇ.

ಸಾವಂತ್ ಸಭ್ಯರು, ನನಗೆ ಕುರ್ಚಿ ಎಳೆದುಕೊಟ್ಟು ವಿಷಯ ಹೇಳಿದರು. ಭಿವಂಡಿ, ಕಲ್ಯಾಣ, ನೆರೂಳ, ಘಣಸೋಲಿಗಳಲ್ಲಿ ಲ್ಯಾಬ್ ಹೊಸದಾಗಿ ರಕ್ತ ತೆಗೆಯುವ ಕಲೆಕ್ಷನ್ ಸೆಂಟರುಗಳನ್ನು ತೆರೆದಿದೆ. ಅಲ್ಲಿಂದ ಐಸ್ ಡಬ್ಬಿಗಳಲ್ಲಿ ಬರುವ ಸ್ಯಾಂಪಲ್ಲುಗಳನ್ನು ಬಾಗಿಲಲ್ಲೇ ನೋಡಿ, ಫಾರಂ ಜೊತೆ ತಾಳೆ ಹಾಕಿ, ಸರಿ ಇದ್ದದ್ದನ್ನು ಒಳಗೆ ಬಿಡಬೇಕು. ಸರಿ ಇಲ್ಲದಿದ್ದರೆ ಪೇಶಂಟಿಗೆ ಫೋನು ಮಾಡಿ ಇನ್ನೊಮ್ಮೆ ರಕ್ತ ಕೊಡಲು ಒಪ್ಪಿಸಬೇಕು. ಅದು ನನ್ನ ಹೊಸ ಕೆಲಸ. ಮೂರು ತಿಂಗಳು ನೋಡೋಣ, ಮೇಜು ನಡೆಯದಿದ್ದರೆ ಮುಚ್ಚಿ ನಿಮ್ಮನ್ನು ಭಿವಂಡಿ ಸೆಂಟರಿಗೆ ಕಳಿಸುತ್ತೇವೆ ಎಂದರು.

ಡೊಂಬಿವಲಿಯಿಂದ ಭಿವಂಡಿಗೆ ಹೋಗಿ ಬರುವುದೆಂದರೆ ಗಾಡಿ, ಷೇರ್ ರಿಕ್ಷಾ, ಟ್ರಕ್ಕುಗಳ ಸಾಲು. ಮಗು ನನ್ನ ಮುಖ ನೋಡುವುದು ಭಾನುವಾರ ಮಾತ್ರ. ಭಿವಂಡಿ ಎಂದರೆ ರಾಜೀನಾಮೆ ಎಂದೇ ಅರ್ಥ. ಅದು ಸಾವಂತರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಮುಗುಳ್ನಕ್ಕೆವು. ಎದ್ದು ಬರುವಾಗ ಮಾತ್ರ ಒಂದು ತೀರ್ಮಾನ ಮಾಡಿಬಿಟ್ಟಿದ್ದೆ: ಈ ಮೇಜನ್ನು ಮುಚ್ಚಲು ಬಿಡುವುದಿಲ್ಲ.

ಮೇಜು ಇದ್ದದ್ದು ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿಗೂ ನೀರಿನ ಫಿಲ್ಟರಿಗೂ ನಡುವೆ. ಅದಕ್ಕೆ ಕಾಗದದಲ್ಲಿ ಉದ್ದದ ಇಂಗ್ಲಿಷ್ ಹೆಸರಿತ್ತು. ಹುಡುಗಿಯರ ಬಾಯಲ್ಲಿ ಎರಡೇ ದಿನಕ್ಕೆ 'ವಾಪಸ್ ಟೇಬಲ್' ಆಯಿತು.

ಹಾಲಿನ ಸಮಸ್ಯೆಯನ್ನು ಪರಿಹರಿಸಿದ್ದು ಮಾವಶಿ, ಲ್ಯಾಬ್ ಗುಡಿಸಿ ಒರೆಸುವ ಹೆಂಗಸು. ದಿನಕ್ಕೆರಡು ಸಲ ನಾನು ಇಸಿಜಿ ಕೋಣೆಯ ಪರದೆ ಎಳೆದುಕೊಂಡು ಹಾಲು ತೆಗೆಯುವಾಗ ಆಕೆ ಹೊರಗೆ ಸ್ಟೂಲು ಹಾಕಿ ಕೂತು, ಬಂದವರಿಗೆಲ್ಲ ಒಳಗೆ ಪೇಶಂಟ್ ಇದ್ದಾರೆ ಎನ್ನುತ್ತಿದ್ದಳು. ಒಮ್ಮೆ ದೊಡ್ಡ ಮೇಡಮ್ಮನ್ನೇ ವಾಪಸ್ ಕಳಿಸಿದಳು. ಪೇಶಂಟಿಗೆ ಏನಾಗಿದೆ ಎಂದು ಮೇಡಂ ಕೇಳಿದರೆ, "ಹಸಿವಾಗಿದೆ, ಆದರೆ ಅದು ಡೊಂಬಿವಲಿಯಲ್ಲಿದೆ" ಎಂದಳಂತೆ.

ಮೊದಲ ವಾರ ನಾನು ಸಿಕ್ಕಿದ್ದನ್ನೆಲ್ಲ ವಾಪಸ್ ಕಳಿಸಿದೆ. ಹೆಪ್ಪುಗಟ್ಟಿದ್ದು, ರಕ್ತಕಣ ಒಡೆದು ಮೇಲಿನ ತಿಳಿಯಾದ ಸೀರಂ ಕೆಂಪಾದದ್ದು, ಹೆಸರು ಅಳಿಸಿದ್ದು, ಅರ್ಧ ತುಂಬಿದ್ದು. ಹುಟ್ಟಾ ಅಂಜುಬುರುಕಿಗೆ ತಿರಸ್ಕರಿಸುವ ಅಧಿಕಾರ ಕೊಟ್ಟರೆ ಏನಾಗುತ್ತದೆಂದು ಸಾವಂತ್ ಯೋಚಿಸಿರಲಿಲ್ಲ. ಅವರು ಗೋಡೆಯ ಬಿಳಿ ಹಲಗೆಯ ಮೇಲೆ ದಿನಾ ಗೆರೆ ಎಳೆಯುತ್ತಿದ್ದರು. ವಾಪಸಾದ ಸ್ಯಾಂಪಲ್ಲುಗಳ ಗೆರೆ ಇಳಿದರೆ ಮೇಜು ಉಳಿಯುತ್ತದೆ, ಏರಿದರೆ ಇಲ್ಲ. ಅದು ಏಣಿ ಇಟ್ಟ ಹಾಗೆ ಏರುತ್ತಿತ್ತು.

ಎರಡನೆಯ ವಾರ ನನ್ನ ದೊಡ್ಡ ಎಡವಟ್ಟು. ಪೇಶಂಟಿಗೆ ಏನು ಹೇಳಬೇಕೆಂದು ಸಾವಂತ್ ಒಂದು ಚೀಟಿ ಬರೆದುಕೊಟ್ಟಿದ್ದರು: ತಾಂತ್ರಿಕ ಕಾರಣದಿಂದ ಮತ್ತೊಮ್ಮೆ ಸ್ಯಾಂಪಲ್ ಬೇಕಾಗಿದೆ, ದಯವಿಟ್ಟು ಬನ್ನಿ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಆಡಬಾರದು. ಘಣಸೋಲಿಯ ಕಟ್ಟಡ ಕೆಲಸದಲ್ಲಿದ್ದ ಶರಣಮ್ಮ ಎಂಬ ಹೆಂಗಸಿನ ರಕ್ತ ಹೆಪ್ಪುಗಟ್ಟಿ ಬಂದಿತ್ತು. ಹೆಸರು ನೋಡಿ ಕಲಬುರಗಿ ಕಡೆಯವಳೆಂದು ಊಹಿಸಿ, ಚೀಟಿಯನ್ನು ಕನ್ನಡಕ್ಕೆ ತಿರುಗಿಸಿ ಫೋನಿನಲ್ಲಿ ಓದಿದೆ. ಕನ್ನಡದಲ್ಲಿ ಹೇಳಿದೆನಲ್ಲ ಎಂದು ಬೀಗಿದೆ ಕೂಡ.

ಮರುದಿನ ಹತ್ತು ಗಂಟೆಗೆ ಲ್ಯಾಬಿನ ಬಾಗಿಲಲ್ಲಿ ಆರು ಜನ. ಶರಣಮ್ಮ, ಗಂಡ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ಸೆಂಟರಿಗೆ ಹೋದರೆ ಸಾಕಿತ್ತು, ಇಲ್ಲಿಯವರೆಗೆ ಬಂದಿದ್ದರು. ಆ ದಿನದ ಕೂಲಿ ಬಿಟ್ಟು ಬಂದಿದ್ದರು. ಶರಣಮ್ಮ ಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತು ಮುಗಿಸಿದ ಮುಖದಲ್ಲಿ ನಿಂತಿದ್ದಳು. ಅಣ್ಣ ಮುಂದೆ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕಾರ, ನಮಗ ಖರೇ ಹೇಳ್ರಿ. ನಮ್ಮ ತಂಗೀಗಿ ಇನ್ನ ಎಷ್ಟ್ ದಿನ ಅದಾವ್ರಿ?"

ಏನೂ ಆಗಿಲ್ಲಪ್ಪ ಎಂದೆ. "ಏನೂ ಆಗಿಲ್ಲಂದ್ರ ಮತ್ತ್ಯಾಕ ಕರದ್ರಿ? ಏನೂ ಆಗಲಾರದವರಿಗಿ ದವಾಖಾನಿಯವರು ಫೋನ್ ಮಾಡ್ತಾರೇನ್ರಿ?" ಎಂದ. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೆಪ್ಪುಗಟ್ಟಿದ ಟ್ಯೂಬನ್ನು ತಂದು ತೋರಿಸಿದೆ. ರಕ್ತ ತೆಗೆದ ಕೂಡಲೇ ಟ್ಯೂಬನ್ನು ಮೆಲ್ಲಗೆ ತಿರುವಿಹಾಕಬೇಕು, ನಮ್ಮವರು ಮರೆತಿದ್ದಾರೆ, ಹಾಗಾಗಿ ಹಾಲು ಹೆಪ್ಪಾದಂತೆ ಗಟ್ಟಿಯಾಗಿದೆ ಎಂದೆ. ಅತ್ತಿಗೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಇದನ್ನ ನಿನ್ನೆ ಫೋನಿನ್ಯಾಗ ಹೇಳಿದ್ರ ನಿಮ್ಮ ಗಂಟ ಏನ್ ಹೋಗತಿತ್ರಿ?" ಎಂದಳು.

ಹುಡುಗಿಯರೇ, ಇಪ್ಪತ್ತೇಳು ವರ್ಷದಲ್ಲಿ ನನಗೆ ಸಿಕ್ಕ ಅತ್ಯುತ್ತಮ ತರಬೇತಿ ಅದು. ಅವತ್ತಿನಿಂದ ಫೋನು ಎತ್ತಿದ ಕೂಡಲೇ ನಾನು ಆಡುತ್ತಿದ್ದ ಮೊದಲ ಮಾತು: ನಿಮಗೇನೂ ಆಗಿಲ್ಲ, ತಪ್ಪು ನಮ್ಮದು. ಆಮೇಲೆ ಕಾರಣ, ಕೊನೆಗೆ ಕೋರಿಕೆ. ಸಾವಂತ್ ಕೇಳಿಸಿಕೊಂಡು ಬೆಚ್ಚಿದರು. ತಪ್ಪು ನಮ್ಮದು ಎಂದು ಯಾವ ಕಂಪನಿ ಫೋನಿನಲ್ಲಿ ಹೇಳುತ್ತದೆ, ನಾಳೆ ಯಾರಾದರೂ ರೆಕಾರ್ಡ್ ಮಾಡಿ ಕೋರ್ಟಿಗೆ ಹೋದರೆ ಎಂದು ಕೇಳಿದರು. ಭಯಪಡುವ ಕಲೆಯಲ್ಲಿ ನನಗಿಂತ ಮೇಲಿನವರೂ ಇದ್ದಾರೆಂದು ಮೊದಲ ಬಾರಿ ಸಮಾಧಾನವಾಯಿತು. ಅವರ ಚೀಟಿಯನ್ನು ಡ್ರಾಯರಿನಲ್ಲಿಟ್ಟು ನನ್ನ ಮಾತನ್ನೇ ಮುಂದುವರಿಸಿದೆ. ಎರಡನೆಯ ಸಲ ರಕ್ತ ಕೊಡಲು ಒಲ್ಲೆ ಎನ್ನುವವರು ಕಡಿಮೆಯಾದರು.

ಆದರೂ ಹಲಗೆಯ ಗೆರೆ ಇಳಿಯಲಿಲ್ಲ. ಅತಿ ಹೆಚ್ಚು ವಾಪಸಾಗುತ್ತಿದ್ದದ್ದು ಭಿವಂಡಿಯದೇ. ಬೆಳಗಿನ ಡಬ್ಬಿಯಲ್ಲಿ ಬಂದ ಸ್ಯಾಂಪಲ್ ಚೆನ್ನಾಗಿರುತ್ತಿತ್ತು, ಸಂಜೆಯ ಡಬ್ಬಿಯದು ದಾಳಿಂಬೆ ರಸದ ಹಾಗೆ ಕೆಂಪು. ಫೋನಿನಲ್ಲಿ ಕೇಳಿದರೆ ಅಲ್ಲಿನ ಟೆಕ್ನಿಶಿಯನ್, ಎಲ್ಲ ನಿಯಮದ ಪ್ರಕಾರವೇ ಮಾಡುತ್ತಿದ್ದೇನೆ ಎಂದು ಪ್ರಮಾಣ ಮಾಡುತ್ತಿದ್ದ. ಹೋಗಿ ನೋಡದೆ ಬೇರೆ ದಾರಿಯಿರಲಿಲ್ಲ. ಯಾವ ಊರಿಗೆ ಕಳಿಸಿಬಿಡುತ್ತಾರೆಂದು ಹೆದರಿದ್ದೆನೋ ಅದೇ ಊರಿಗೆ ನಾನೇ ಷೇರ್ ರಿಕ್ಷಾ ಹತ್ತಿ ಹೋದೆ.

ಆತ ಸುಳ್ಳು ಹೇಳಿರಲಿಲ್ಲ. ಎಲ್ಲ ಸರಿಯಾಗಿತ್ತು. ಸುಮ್ಮನೆ ಸ್ಟೂಲಿನ ಮೇಲೆ ಕೂತು ಮುಕ್ಕಾಲು ಗಂಟೆ ನೋಡಿದೆ. ಹನ್ನೊಂದರ ಹೊತ್ತಿಗೆ ಗೋಡೆಯ ಆಚೆ ಪವರ್‌ಲೂಮ್ ಮಗ್ಗ ಶುರುವಾಯಿತು. ಖಟಕ್ ಖಟಕ್ ಎಂದು ಗೋಡೆ ಅದುರಿತು, ಗೋಡೆಗೆ ಹೊಡೆದ ಕಪಾಟು ಅದುರಿತು, ಕಪಾಟಿನ ಮೇಲಿನ ಟ್ಯೂಬುಗಳೆಲ್ಲ ಗೆಜ್ಜೆ ಕಟ್ಟಿದ ಹಾಗೆ ನಡುಗತೊಡಗಿದವು. ಸಂಜೆಯವರೆಗೆ ಹಾಗೆ ಕುಣಿಸಿದರೆ ಯಾವ ರಕ್ತಕಣ ತಾನೇ ಉಳಿಯುತ್ತದೆ? ಆತನಿಗೆ ಆ ಸದ್ದು ಕೇಳಿಸುವುದೇ ನಿಂತುಹೋಗಿ ಎಷ್ಟು ಕಾಲವಾಗಿತ್ತೋ. ಸ್ಟ್ಯಾಂಡನ್ನು ಎದುರು ಗೋಡೆಯ ಕಡೆ ಒಂದು ಮೇಜಿನ ಮೇಲೆ, ಮಡಚಿದ ಕಂಬಳಿ ಹಾಸಿ ಇಡಿಸಿದೆ. ಆ ವಾರ ಭಿವಂಡಿಯ ಕೆಂಪು ಟ್ಯೂಬುಗಳು ಬೆರಳೆಣಿಕೆಗೆ ಇಳಿದವು. ಗೆರೆ ಮೊದಲ ಬಾರಿ ತಲೆ ಬಗ್ಗಿಸಿತು. ಸಾವಂತ್ ಹಲಗೆಯ ಮುಂದೆ ನಿಂತು ಗಲ್ಲ ತುರಿಸಿಕೊಂಡರು.

ಹೀಗೆ ಸೆಂಟರಿನಿಂದ ಸೆಂಟರಿಗೆ ಹೋಗಿ, ಕಾರಣ ಹುಡುಕಿ ಗೆರೆ ಇಳಿಸುತ್ತಾ ಬಂದೆ. ಮೂರು ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಕಲ್ಯಾಣದಿಂದ ಒಂದು ದೊಡ್ಡ ಡಬ್ಬಿ ಬಂತು.

ಅಲ್ಲಿ ನಮ್ಮ ಉಡುಪಿ ಕಡೆಯವರದೊಂದು ಹೋಟೆಲು. ಅಡುಗೆಯವರು, ಬಡಿಸುವವರು ಸೇರಿ ಮೂವತ್ತೆರಡು ಮಂದಿಗೆ ಲೈಸೆನ್ಸಿಗಾಗಿ ವೈದ್ಯಕೀಯ ತಪಾಸಣೆ. ಅದರ ಜೊತೆಗೆ ಮಾಲೀಕರು ತಮ್ಮ ಕಡೆಯಿಂದ ಸಕ್ಕರೆ, ಕೊಬ್ಬಿನ ಪರೀಕ್ಷೆಯನ್ನೂ ಸೇರಿಸಿದ್ದರು. ನಮ್ಮ ಹುಡುಗ ಬೆಳಗಿನ ಜಾವವೇ ಹೋಗಿ ಅಲ್ಲೇ ಎಲ್ಲರ ರಕ್ತ ತೆಗೆದಿದ್ದ. ಸೀರಂ ಬೇರ್ಪಟ್ಟ ಮೇಲೆ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ಮೂವತ್ತು ಟ್ಯೂಬಿನಲ್ಲಿ ಒಣಹುಲ್ಲಿನ ಬಣ್ಣದ ತಿಳಿ. ಎರಡರಲ್ಲಿ ಮಾತ್ರ ಮಜ್ಜಿಗೆ ನೀರಿನಂಥ ಬಿಳಿ. ಜಿಡ್ಡಿನದೇನೋ ತಿಂದು ಬಂದರೆ ಹಾಗಾಗುತ್ತದೆ, ಅದರಲ್ಲಿ ವಿಶೇಷವಿಲ್ಲ. ಆದರೆ ಎರಡರ ಬಿಳಿಯೂ ಒಂದೇ ಬಿಳಿ. ಒಂದು ನಲವತ್ತರ ಸೂಪರ್‌ವೈಜರ್ ಸದಾಶಿವನದು. ಇನ್ನೊಂದು ಐವತ್ತಾರರ ಮುಖ್ಯ ಅಡುಗೆಯವರಾದ ವಾಸಣ್ಣನದು. ರಕ್ತದ ಗುಂಪು ನೋಡಿದೆ, ಒಂದೇ. ಮೂಲೆಯ ಮೈಕ್ರೋಸ್ಕೋಪಿನ ಪ್ಲಾಸ್ಟಿಕ್ ಸರಿಸಿ ಎರಡರ ಸ್ಲೈಡನ್ನೂ ಇಟ್ಟೆ. ಎರಡರಲ್ಲೂ ಕಿತ್ತಳೆ ಹರಳುಗಳು ತುಂಬಿದಂತೆ ಕಾಣುವ ಒಂದು ಜಾತಿಯ ಬಿಳಿಕಣ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು, ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಅದು ಅಕ್ಕಪಕ್ಕದವರನ್ನು ಹೋಲಿಸಿ ನೋಡುವುದಿಲ್ಲ. ಆ ದುರಭ್ಯಾಸ ನನಗಿದೆ.

ಹೆಸರು ಎರಡಾದರೂ ರಕ್ತ ಒಬ್ಬನದೇ ಎಂದು ಅನುಮಾನ ಬಂದು ಎರಡನ್ನೂ ತಡೆದೆ. ಸಾವಂತ್ ಕೈ ಮುಗಿಯುವುದೊಂದು ಬಾಕಿ. ಸಂಜೆಯೊಳಗೆ ಮೂವತ್ತೆರಡೂ ರಿಪೋರ್ಟ್ ಕೊಡುತ್ತೇವೆಂದು ಮಾತು ಕೊಟ್ಟಾಗಿದೆ, ಇಷ್ಟು ದೊಡ್ಡ ಗಿರಾಕಿ ಇನ್ನೊಬ್ಬರಿಲ್ಲ, ಇದನ್ನು ತಡೆದರೆ ಮೇಜಿನ ವಿಷಯದಲ್ಲಿ ತಾನೇನೂ ಮಾಡಲಾರೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಹೋಟೆಲ್ ಮಾಲೀಕರಿಗೆ ಫೋನು ಮಾಡಿದೆ. ಅವರು ನನ್ನ ಕನ್ನಡ ಕೇಳಿ ಕರಗಿ, ಮರುಕ್ಷಣ ಗಟ್ಟಿಯಾದರು.

"ಅಕ್ಕ, ನೀವು ನಮ್ಮ ಊರಿನವರು. ಎರಡು ಟ್ಯೂಬಿಗಾಗಿ ನನ್ನ ಲೈಸೆನ್ಸ್ ನಿಲ್ಲಿಸುದಾ? ಬೇರೆ ಲ್ಯಾಬಿನವರು ಎರಡು ಗಂಟೆಯಲ್ಲಿ ಕೊಡ್ತಾರೆ ಮಾರಾಯ್ರೆ."

ವಿಷಯ ದೊಡ್ಡ ಮೇಡಂ ಕೋಣೆಗೆ ಹೋಯಿತು. ಅವರು ನನ್ನನ್ನು ಕರೆಸಿ, "ಖಚಿತವಾ?" ಎಂದು ಕೇಳಿದರು.

"ಖಚಿತ ಇಲ್ಲ ಮೇಡಂ. ಭಯ ಇದೆ."

"ನಿನಗೆ ಭಯ ಇಲ್ಲದ ದಿನ ಯಾವುದು?"

"ಇದು ಕಣ್ಣಿಗೆ ಕಾಣುವ ಭಯ. ಬಂದು ನೋಡಿ. ತಪ್ಪಾದರೆ ಸೋಮವಾರದಿಂದಲೇ ಭಿವಂಡಿಗೆ ಹೋಗುತ್ತೇನೆ."

ಮೇಡಂ ಬಂದು ಎರಡೂ ಸ್ಲೈಡ್ ನೋಡಿದರು, ಎದ್ದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಉಳಿದ ಮೂವತ್ತು ಕಳಿಸಿ, ಈ ಎರಡನ್ನು ನೀನೇ ಹೋಗಿ ತೆಗೆದುಕೊಂಡು ಬಾ ಎಂದರು.

ಗಾಡಿ ನನ್ನ ಡೊಂಬಿವಲಿಯಲ್ಲಿ ನಿಂತಾಗಲೂ ಇಳಿಯದೆ ಮುಂದೆ ಕಲ್ಯಾಣಕ್ಕೆ ಹೋದೆ. ಮಧ್ಯಾಹ್ನ ಮೂರಕ್ಕೆ ಹೋಟೆಲಿನ ಅಡುಗೆಮನೆ ತುಸು ತಣ್ಣಗಿರುತ್ತದೆ. ಮಾಲೀಕರು ಗಲ್ಲಾದಲ್ಲಿ ಮುಖ ಊದಿಸಿ ಕೂತಿದ್ದರು. ಒಳಗೆ ವಾಸಣ್ಣ ಕೊತ್ತಂಬರಿ ಆರಿಸುತ್ತಿದ್ದರು. ಗುಂಡಗಿನ ಮನುಷ್ಯ, ಸೊಂಟಕ್ಕೆ ಚೌಕಳಿ ಏಪ್ರನ್. ನನ್ನ ಕೈಯ ಪೆಟ್ಟಿಗೆ ನೋಡಿದ್ದೇ ಕೊತ್ತಂಬರಿ ಕೆಳಗಿಟ್ಟರು. ಪಕ್ಕದಲ್ಲಿದ್ದ ಸದಾಶಿವ ನಾನು ಕೇಳುವ ಮೊದಲೇ ಒಪ್ಪಿಕೊಂಡ. ಬೆಳಿಗ್ಗೆ ತನ್ನದು ಕೊಟ್ಟು, ಒಳಗೆ ಹೋಗಿ ವಾಸಣ್ಣನ ಏಪ್ರನ್ನು ಟೋಪಿ ಹಾಕಿಕೊಂಡು ಬಂದು ಇನ್ನೊಂದು ಕೈ ಚಾಚಿದ್ದನಂತೆ. ನಮ್ಮ ಹುಡುಗ ಗುರುತಿಸಿರಲಿಲ್ಲ. ರಕ್ತ ತೆಗೆಯುವವರು ನೋಡುವುದು ನರವನ್ನು, ಮುಖವನ್ನಲ್ಲ. ಇದನ್ನೂ ನೆನಪಿಡಿ ಹುಡುಗಿಯರೇ.

ಸೂಜಿಗೆ ಹೆದರುವವರು ಬಹಳ ಜನ ಇದ್ದಾರೆ, ನಾಚಿಕೆ ಬೇಡ ಎಂದೆ ವಾಸಣ್ಣನಿಗೆ.

"ಸೂಜಿಯ ಹೆದರಿಕೆ ಅಲ್ಲ ತಂಗೀ," ಎಂದರು. "ನನಗೆ ಸಕ್ಕರೆ ಉಂಟು ಅಂತ ಎರಡು ವರ್ಷದಿಂದ ಗೊತ್ತುಂಟು. ಕಾಗದದಲ್ಲಿ ಬಂದರೆ ಇವರು ನನ್ನನ್ನು ಪಾಯಸದ ಹತ್ತಿರ ಬಿಡ್ತಾರಾ? ರುಚಿ ನೋಡದೆ ಪಾಯಸ ಮಾಡುದು ಹೇಗೆ? ಊರಿಗೆ ಹೋಗಿ ವಿಶ್ರಾಂತಿ ತಗೊಳ್ಳಿ ಅಂತಾರೆ. ವಿಶ್ರಾಂತಿ ತಗೊಂಡು ನಾನು ಎಂತ ಮಾಡುದು?"

ಮೂರು ತಿಂಗಳಿಂದ ಬೇರೆ ಮಾತುಗಳಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. ಗೊತ್ತಿದ್ದದ್ದನ್ನು ಹೇಳಿದೆ: ಲೈಸೆನ್ಸಿನವರು ಕೇಳುವುದು ಅಂಟುರೋಗವನ್ನು, ಸಕ್ಕರೆ ಅಂಟುವುದಿಲ್ಲ. ಸದಾಶಿವನ ರಕ್ತಕ್ಕೆ ಮಾತ್ರೆ ಕೊಟ್ಟರೆ ನಿಮ್ಮ ಸಕ್ಕರೆ ಇಳಿಯುವುದಿಲ್ಲ. ಮಾಲೀಕರ ಹತ್ತಿರ ನಮ್ಮ ಮೇಡಂ ಮಾತಾಡುತ್ತಾರೆ. ಮೇಡಂ ಅದಕ್ಕೆ ಒಪ್ಪಿದ್ದಾರೆಯೇ ಎಂಬುದು ಬೇರೆ ಮಾತು, ನಾನು ಅವರನ್ನು ಕೇಳಿಯೇ ಇರಲಿಲ್ಲ. ವಾಸಣ್ಣ ಅಕ್ಕಿ ಮೂಟೆಯ ಮೇಲೆ ಕೂತು, ತೋಳು ಮೇಲೆ ಮಾಡಿ, ಕಣ್ಣು ಮುಚ್ಚಿಕೊಂಡರು. ಸೂಜಿಯ ಹೆದರಿಕೆಯೂ ಇತ್ತು.

ವಾಸಣ್ಣನ ನಿಜವಾದ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದರೆ, ಯಂತ್ರ ಆ ಅಂಕಿಯನ್ನು ಕೆಂಪಕ್ಷರದಲ್ಲಿ ತೋರಿಸಿತು. ಮೇಡಂ ಗೊಣಗುತ್ತಲೇ ಮಾಲೀಕರಿಗೆ ಫೋನು ಮಾಡಿದರು. ಔಷಧಿ ಶುರುವಾಯಿತು, ವಾಸಣ್ಣ ಅಡುಗೆಮನೆಯಲ್ಲೇ ಉಳಿದರು. ಪಾಯಸದ ರುಚಿ ನೋಡುವ ಕೆಲಸ ಮಾತ್ರ ಶಿಕ್ಷೆಯ ರೂಪದಲ್ಲಿ ಸದಾಶಿವನಿಗೆ ಬಂತಂತೆ. ಆ ಶಿಕ್ಷೆಯಿಂದ ಆತ ದಪ್ಪಗಾಗಿದ್ದಾನೆಂದು ಆಮೇಲೆ ಕೇಳಿದೆ. ಮಾಲೀಕರು ಬೇರೆ ಲ್ಯಾಬಿಗೆ ಹೋಗಲಿಲ್ಲ.

ಮೂರು ತಿಂಗಳು ತುಂಬಿದ ದಿನ ಮೇಡಂ ನನ್ನನ್ನೂ ಸಾವಂತರನ್ನೂ ಒಟ್ಟಿಗೆ ಕರೆದರು. ಭಿವಂಡಿಗೆ ಬೇರೆ ಯಾರನ್ನಾದರೂ ನೋಡಿ ಎಂದು ಅವರಿಗೆ ಹೇಳಿದರು. ನನಗೆ, ಎಲ್ಲ ಸೆಂಟರಿನ ಗೋಡೆಗೂ ಅಂಟಿಸುವಂತೆ ಒಂದು ಹಾಳೆ ಬರೆಯಲು ಹೇಳಿದರು: ಯಾವ ಸ್ಯಾಂಪಲ್ ತೆಗೆದುಕೊಳ್ಳಬೇಕು, ಯಾವುದು ಬೇಡ, ಅನುಮಾನವಿದ್ದರೆ ಯಾವ ನಂಬರಿಗೆ ಫೋನು ಮಾಡಬೇಕು. ನಾನು ಅದನ್ನು ಹನ್ನೊಂದು ಸಲ ತಿದ್ದಿ ಬರೆದೆ. ಮುಖ ನೋಡಿ ಹೆಸರು ಕೇಳಿ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಸಾವಂತ್ ಲ್ಯಾಮಿನೇಟ್ ಮಾಡಿಸಿ ಎಲ್ಲ ಕಡೆ ಕಳಿಸಿದರು.

ಹಾಳೆ ಗೋಡೆಗೆ ಅಂಟಿದ ದಿನ ನನ್ನ ಮೇಜಿಗೆ ಒಂದು ಕರೆಯೂ ಬರಲಿಲ್ಲ. ಹಾಳೆ ಅಷ್ಟು ಸ್ಪಷ್ಟವಾಗಿದೆ ಎಂದು ಸಾವಂತ್ ಹೊಗಳಿದರು. ನಾನು ಹೊಗಳಿಕೆ ತಿಂದು ಅರಗಿಸಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು, ಮನೆಗೆ ಬಂದೆ. ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಲ್ಯಾಂಡ್‌ಲೈನ್ ಫೋನನ್ನು ಪಕ್ಕಕ್ಕೆ ಎಳೆದುಕೊಂಡು ಕೂತಿದ್ದರು.

"ಬೆಳಿಗ್ಗೆಯಿಂದ ಭಿವಂಡಿ, ನೆರೂಳ, ಎಲ್ಲ ಕಡೆಯಿಂದ ಫೋನು ಮಾರಾಯ್ತಿ," ಎಂದರು. "ಮಗು ಮಲಗ್ಲಿಕ್ಕೇ ಇಲ್ಲ. ರಕ್ತ ಗಟ್ಟಿಯಾಗಿದೆ ತಗೊಳ್ಳುದಾ ಅಂತ ಕೇಳಿದರು, ಬೇಡ ಹೇಳಿದೆ. ನೀನು ದಿನಾ ಊಟಕ್ಕೆ ಕೂತು ಅದನ್ನೇ ಹೇಳ್ತೀಯಲ್ಲ."

ಹನ್ನೊಂದು ಸಲ ತಿದ್ದಿದ ಹಾಳೆಯ ಕೊನೆಗೆ ನಾನು ಮೇಜಿನದರ ಬದಲು ಬರೆದಿದ್ದದ್ದು ನಮ್ಮ ಮನೆಯ ನಂಬರು. ಅತ್ತೆ ಕ್ಯಾಲೆಂಡರಿನ ಹಿಂದೆ ಒಂದೊಂದು ಕರೆಯನ್ನೂ, ತಾವು ಕೊಟ್ಟ ಉತ್ತರವನ್ನೂ ಬರೆದಿಟ್ಟಿದ್ದರು. ಚಪ್ಪಲಿ ಬಿಡದೆ ನಿಂತಲ್ಲೇ ಓದಿದೆ. ಹತ್ತು ಕರೆ. ಒಂಬತ್ತಕ್ಕೆ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹತ್ತನೆಯದು ನೆರೂಳದ್ದು: ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿದ್ದ ಮನುಷ್ಯ ಸಕ್ಕರೆ ಹಾಕಿದ ಚಾ ಕುಡಿದು ಬಂದಿದ್ದಾನೆ, ತೆಗೆದುಕೊಳ್ಳುವುದೇ? ಪಕ್ಕದಲ್ಲಿ ಅತ್ತೆಯ ದುಂಡಗಿನ ಅಕ್ಷರ: ಒಂದು ಲೋಟ ಚಾ ತಾನೇ, ತಗೊಳ್ಳಿ ಅಂದೆ, ಪಾಪ.

ಮರುದಿನ ಬೆಳಿಗ್ಗೆ ಮೇಜಿಗೆ ಕೂತ ಕೂಡಲೇ, ರಿಪೋರ್ಟ್ ಹೊರಗೆ ಹೋಗುವ ಮೊದಲು, ಆ ಒಂದು ಸ್ಯಾಂಪಲ್ ಹುಡುಕಿ ವಾಪಸ್ ಕಳಿಸಿದೆ.